ತಾರೀಖು ತಿರುಗಿಸಿದ ಕಂಪ್ಯೂಟರ್

ನಮ್ಮ ಕಚೇರಿಯಲ್ಲಿ ಹಿಂದೆ ರಬ್ಬರಿನ ತಾರೀಖು ಮುದ್ರೆಯೊಂದಿತ್ತು. ವರದಿ ತಡವಾದರೆ ಮುದ್ರೆಯ ಪಟ್ಟಿಯನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸಿದರೆ ಸಾಕಿತ್ತು. ಬಹಳ ಮರ್ಯಾದಸ್ಥ ಮುದ್ರೆ. ಎಂದೂ ಪ್ರಶ್ನೆ ಕೇಳಿದ್ದಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ನಮ್ಮ ಸಾಹೇಬರಾದ ರುದ್ರಮುನಿಯವರು ಜೂನ್‌ನಲ್ಲಿ ಬರೆದ ವರದಿಗಾಗಿ ಕಂಪ್ಯೂಟರಿನ ತಾರೀಖನ್ನೇ ಮಾರ್ಚ್‌ಗೆ ತಿರುಗಿಸಿ, ಹಾಗೇ ಮರೆತರು. ಮರುದಿನ ಪಾಸ್‌ವರ್ಡ್ ಸರಿಯಿದ್ದರೂ ಕಚೇರಿಯ ವೈಫೈ ಅವರನ್ನು ಒಳಗೆ ಬಿಡಲಿಲ್ಲ. ಮೇಲಧಿಕಾರಿಗಳ ವಿಡಿಯೊ ಸಭೆ ಇನ್ನೇನು ಶುರುವಾಗಬೇಕು.

"ಸರಿಮಾಡ್ರೀ! ಇಲ್ಲದಿದ್ದರೆ ಇವತ್ತೇ ನಿಮಗೆ ವರ್ಗ!" ಎಂದು ಗುಮಾಸ್ತೆ ಕಮಲಾಕ್ಷಿಯ ಮೇಲೆ ಗುಡುಗಿದರು.

ಭದ್ರತೆಯಿರುವ ವೈಫೈ ತಪ್ಪು ತಾರೀಖಿನ ಕಂಪ್ಯೂಟರನ್ನು ನಂಬುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಆದರೆ ಸಾಹೇಬರ ತಪ್ಪನ್ನು ಸಾಹೇಬರಿಗೆ ಹೇಳುವವರು ಯಾರು?

ಆಕೆ ಸಾಹೇಬರ ಕಂಪ್ಯೂಟರಿನಲ್ಲೇ ಎರಡು ಸಾಲು ಟೈಪ್ ಮಾಡಿ ಹೇಳಿದಳು: "ಆಗಲಿ ಸಾರ್. ವರ್ಗದ ಆದೇಶ ನಾನೇ ಟೈಪ್ ಮಾಡಿದ್ದೀನಿ. ಆದರೆ ಕಂಪ್ಯೂಟರ್ ಮಾರ್ಚ್ ಅಂತ ಹಾಕಿದೆ. ಮಾರ್ಚ್‌ನಲ್ಲೇ ಹೋದವಳು ಮೊನ್ನೆವರೆಗೂ ಬರೆದ ಕಡತಗಳಿಗೆ ನೀವು ಸಹಿ ಹಾಕಿದ್ದು ಹೇಗೆ ಅಂತ ಮೇಲಿನವರು ಕೇಳ್ತಾರೆ."

ಸಾಹೇಬರು ಗಾಬರಿಯಾಗಿ ತಾವೇ ತಾರೀಖು ಸರಿಮಾಡಿದರು. ವೈಫೈ ತಕ್ಷಣ ಒಳಗೆ ಬಿಟ್ಟಿತು.

ಸಭೆ ಮುಗಿದ ಮೇಲೆ ಆದೇಶವನ್ನು ಅಳಿಸಿಹಾಕಿ ಮೆಲ್ಲಗೆ ಕೇಳಿದರು: "ಆ ಹಳೇ ಮುದ್ರೆ ಎಲ್ಲಿದೆಯಮ್ಮಾ?"

"ಜೋಪಾನವಾಗಿ ಇಟ್ಟಿದ್ದೀನಿ ಸಾರ್. ಅದಕ್ಕೆ ವೈಫೈ ಬೇಡ."