ಗೇಣು ಬಿಡದ ಕಾನೂನು

ಕಡಲ ದಂಡೆಯಲ್ಲಿ ಉಪ್ಪಿನಕೋಟೆ ಅಂತ ಒಂದು ರಾಜ್ಯ. ಎಲ್ಲಿ ಅಂತ ಕೇಳ್ಬೇಡಿ ಮಕ್ಕಳೇ, ಕೇಳಿದ್ರೆ ಕಥೆ ಇಲ್ಲಿಗೇ ನಿಲ್ಲಿಸ್ತೇನೆ. ಅಲ್ಲಿಯ ರಾಜ ಒಳ್ಳೆಯವನೇ. ಆದ್ರೆ ಮಂತ್ರಿ ಚಂದಯ್ಯ ಹೇಳಿದ್ದಕ್ಕೆಲ್ಲ ಹೂಂ ಅನ್ನೋನು. ಮತ್ತೆ, ಮೊಸರನ್ನ ಇಲ್ಲದೆ ಅವನಿಗೆ ಊಟ ಇಳೀತಿರಲಿಲ್ಲ.

ಆ ಊರಿನ ಹೆಂಗಸರು ಕಡಲಲ್ಲಿ ಪಾಚಿ ಬೆಳೀತಿದ್ರು. ನೀವು ಜಾರಿ ಬೀಳುವ ಬಾವಿಕಟ್ಟೆ ಪಾಚಿ ಅಲ್ಲ ಮಾರಾಯ್ರೇ! ಹಡಗಿನವರು ಹುಡುಕಿಕೊಂಡು ಬಂದು ಕೊಳ್ಳುವ ಕಡಲಪಾಚಿ. ಬಿದಿರಿನ ತೆಪ್ಪಕ್ಕೆ ಹಗ್ಗ, ಹಗ್ಗಕ್ಕೆ ಪಾಚಿಯ ತುಂಡು. ಅದು ನೀರಲ್ಲೇ ಬೆಳೆಯುತ್ತೆ. ಕೊಯ್ಯುವಾಗ ಮಾತ್ರ ಬುಡದಲ್ಲಿ ಒಂದು ಗೇಣು ಬಿಡಲೇಬೇಕು. ಆ ಗೇಣೇ ಮತ್ತೆ ಚಿಗುರೋದು. ಅವರಿಗೆಲ್ಲ ಹಿರಿಯಳು ಗುಲಾಬಕ್ಕ.

ಚಂದಯ್ಯನಿಗೆ ಒಬ್ಬ ಉಂಡಾಡಿ ಭಾವಮೈದ. ಹೆಂಗಸರು ಪಾಚಿ ಬೆಳೆಯುವ ಕಡಲ ಪಾಲಿನ ನೀರನ್ನ ಅವನಿಗೆ ಕೊಡಿಸಬೇಕು ಅಂತ ಮಂತ್ರಿಯ ಆಸೆ. ಡಂಗುರ ಹೊಡೆಸಿದ: "ಹಗ್ಗದಲ್ಲಿ ಒಂದೆಳೆಯನ್ನೂ ಮಿಗಿಸಬಾರದು! ಮಿಗಿಸಿದವರ ನೀರು ಅರಮನೆಗೆ! ಮುಂದಿನ ಸಲ ಬೆಳೆ ತರದವರ ನೀರೂ ಅರಮನೆಗೆ!"

ನೋಡಿ ಅವನ ಬುದ್ಧಿ! ಬಿಟ್ರೂ ಹೋಯ್ತು, ಬಿಡದಿದ್ರೂ ಹೋಯ್ತು.

"ಅಕ್ಕಾ, ಈ ನೀರು ಹೋದ್ರೆ ಮಕ್ಕಳಿಗೆ ಏನು ಉಣ್ಣಿಸೋದು?" ಅಂತ ಹೆಂಗಸರು ಅತ್ತರು. ಗುಲಾಬಕ್ಕ ಮಾತ್ರ ನಗ್ತಾ ಅರಮನೆಗೆ ಹೋದಳು.

"ಒಡೆಯಾ, ಎಂಥ ಚಂದದ ಕಾನೂನು! ಕಡಲಿಗೆ ಮಾತ್ರ ಯಾಕೆ? ಮೂರು ದಿನ ಊರಿಗೂ ಇರಲಿ. ಯಾರ ಮನೆಯಲ್ಲೂ ಏನೂ ಮಿಗಿಸಬಾರದು. ನಾಲ್ಕನೇ ದಿನ ನಾವೂ ಕೊಯ್ತೇವೆ."

ಹೊಗಳಿದ್ದೇ ತಡ, ಚಂದಯ್ಯ ಉಬ್ಬಿಹೋದ. ರಾಜ ಹೂಂ ಅಂದ.

ಮೊದಲ ದಿನ ಊರೆಲ್ಲ ತಿಂದಿದ್ದೇ ತಿಂದಿದ್ದು. ಅರಮನೆಯ ಮೊಸರಿನ ಗಡಿಗೆಯನ್ನ ಚಂದಯ್ಯನೇ ಬೆರಳು ಹಾಕಿ ಬಳಿದು ನೆಕ್ಕಿದ. ಕಾನೂನು ಅಂದ್ರೆ ಕಾನೂನು!

ಎರಡನೇ ದಿನ ರಾಜ ಮೊಸರು ಕೇಳಿದ. ಬಂದದ್ದು ಹಾಲು. "ಹೆಪ್ಪು ಹಾಕಲಿಕ್ಕೆ ಒಂದು ಹನಿ ಮೊಸರಿಲ್ಲ ಒಡೆಯಾ" ಅಂದ ಅಡುಗೆಯವನು.

ಚಂದಯ್ಯ ಕುಂಬಾರರ ಮನೆಗೆ ಓಡಿದ. "ಹೆಪ್ಪು ಇಟ್ರೆ ಮಿಗಿಸಿದ ಹಾಗಲ್ವಾ ಸ್ವಾಮೀ?" ಅಂದಳು ಮನೆಯಾಕೆ. ಗಾಣದವರ ಮನೆಗೆ ಓಡಿದ. ಅವರು ತೊಳೆದು ಕವುಚಿಟ್ಟ ಗಡಿಗೆ ತೋರಿಸಿದರು. ಗೌಳಿಗರ ಮನೆಗೆ ಓಡಿದ. ಅಲ್ಲಿಯ ಮುದುಕಿ ನಕ್ಕು ನಕ್ಕು ಬಾಗಿಲು ಹಾಕಿಕೊಂಡಳು.

ಮೂರನೇ ದಿನ ಚಂದಯ್ಯ ತಾನೇ ಹಾಲಿಗೆ ನಿಂಬೆಹಣ್ಣು ಹಿಂಡಿದ. ಹಾಲು ಒಡೆಯಿತು. ರಾಜನ ತಾಳ್ಮೆಯೂ ಒಡೆಯಿತು. "ಕರೀರಿ ಆ ಗುಲಾಬಿಯನ್ನ!"

ಗುಲಾಬಕ್ಕ ಸಭೆಗೆ ಬಂದಳು, ಕೈಯಲ್ಲಿ ಒಂದು ಕುಡಿಕೆ. "ಹೊಳೆಯಾಚೆ ಬೇರೆ ರಾಜ್ಯ ಒಡೆಯಾ, ನಿಮ್ಮ ಕಾನೂನು ಇಲ್ಲ. ತಂಗಿ ಮನೆಯಿಂದ ಹೆಪ್ಪು ತಂದೆ. ಮೊಸರಾದ್ರೆ ಹೊಳೆಯಾಚೆಯಾದ್ರೂ ಸಿಕ್ಕಿತು. ನಾಳೆ ನಮ್ಮ ಹಗ್ಗ ಬೋಳಾದ್ರೆ, ಆ ಒಂದು ಗೇಣು ಪಾಚಿಯನ್ನ ಯಾರ ಮನೆಯಲ್ಲಿ ಬೇಡೋಣ?"

ರಾಜನಿಗೆ ನಾಚಿಕೆ ಆಯಿತು. ಆಮೇಲೆ ಮಂತ್ರಿಯತ್ತ ತಿರುಗಿ, "ಬೆಳೆ ಬಾರದಿದ್ರೆ ಆ ನೀರು ಯಾರಿಗೆ ಹೋಗ್ತಿತ್ತು?" ಅಂತ ಕೇಳಿದ.

ಚಂದಯ್ಯ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಭಾವಮೈದ ಎದ್ದು ನಿಂತ. "ನನಗೇ ಒಡೆಯಾ! ಭಾವ ಹೇಳಿದ್ದಾರೆ, ಹಗ್ಗ ಕೂಡ ಕೊಂಡಾಗಿದೆ!"

ಸಭೆಯೆಲ್ಲ ಹೋ ಅಂತ ನಕ್ಕಿತು. ರಾಜ ನಗಲಿಲ್ಲ. "ಗೇಣು ಬಿಡೋದೇ ಇನ್ನು ಕಾನೂನು. ನೀರು ಹೆಂಗಸರದ್ದೇ. ಚಂದಯ್ಯಾ, ಭಾವ-ಭಾವಮೈದ ಇಬ್ಬರೂ ಒಂದು ಬೆಳೆ ಮುಗಿಯುವ ತನಕ ಸೊಂಟಮಟ್ಟದ ನೀರಲ್ಲಿ ನಿಂತು ಇವಳ ತೆಪ್ಪಕ್ಕೆ ಹಗ್ಗ ಕಟ್ಟಿ" ಅಂದ.

ಕಟ್ಟಿದರು, ಕಟ್ಟದೆ ಏನು ಮಾಡ್ತಾರೆ? ಏಡಿಗೆ ಮಂತ್ರಿ ಯಾರು, ಭಾವಮೈದ ಯಾರು ಅಂತ ಗೊತ್ತಾಗುತ್ತಾ? ಇಬ್ಬರ ಕಾಲನ್ನೂ ಕಚ್ಚಿತು.

ನೀತಿ ಇಷ್ಟೇ ಮಕ್ಕಳೇ: ಎಲ್ಲ ಕೊಯ್ದವನು ಒಂದೇ ಸಲ ಉಣ್ತಾನೆ, ನಾಳೆಗೆ ಬಿಟ್ಟವನು ದಿನಾ ಉಣ್ತಾನೆ. ಕಾಲು ಒದ್ದೆ ಮಾಡಿಕೊಳ್ಳದವನು ಕಡಲಿಗೆ ಕಾನೂನು ಬರೆಯಬಾರದು.