ಎರಡನೆಯ ಗುಂಡು

“ಗುರುಗಳೇ, ಲೈಸೆನ್ಸ್ ಕೈಗೆ ಬಂತು. ದಿನವೂ ಸೊಂಟದಲ್ಲಿಟ್ಟುಕೊಂಡು ಓಡಾಡಬೇಕು. ಎಂಥ ರಿವಾಲ್ವರ್ ಕೊಂಡರೆ ನಂಬಬಹುದು?” ಎಂದು ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು: “ಮಗಳ ಮದುವೆಗೂ ನನ್ನನ್ನು ಕೇಳದವನು ಇದಕ್ಕಾಗಿ ಮಠದವರೆಗೆ ಬಂದೆಯಲ್ಲ! ಕೂತುಕೋ.

ಒಬ್ಬ ಬೆಳ್ಳಿ ವರ್ತಕನಿದ್ದ. ಪಕ್ಕದ ಊರಿನಲ್ಲಿ ದರೋಡೆಯಾಯಿತೆಂದು ಕೇಳಿದ ದಿನದಿಂದ ಅವನಿಗೆ ಭಯ ಹಿಡಿಯಿತು. ಮೂರು ತಿಂಗಳು ವಿಚಾರಿಸಿದ. ಪಿಸ್ತೂಲು ಬೇಡವೆಂದ, ಅದರಲ್ಲಿ ಗುಂಡು ಸಿಕ್ಕಿಕೊಂಡರೆ ಕೆಲಸ ಕೆಟ್ಟಿತು. ರಿವಾಲ್ವರಿನಲ್ಲಿ ಹಾಗಲ್ಲ. ಒಂದು ಗುಂಡು ಹಾರದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರಾಯಿತು, ಮುಂದಿನದು ಹಾರುತ್ತದೆ. ಅದನ್ನೇ ಕೊಂಡ. ಮತ್ತೆ ಮತ್ತೆ ಎಳೆದು ಬೆರಳನ್ನು ಪಳಗಿಸಿದ. ಆಯುಧಪೂಜೆಗೆ ಅದಕ್ಕೂ ಕುಂಕುಮವಿಟ್ಟ. ಊಟಕ್ಕೆ ಕೂತಾಗಲೂ ಸೊಂಟದಿಂದ ತೆಗೆಯುತ್ತಿರಲಿಲ್ಲ.

ಅವನಿಗೆ ಒಬ್ಬಳೇ ತಂಗಿ. ಅವಳ ಗಂಡನಿಗೂ ಇವನಿಗೂ ಭಾವ-ಮೈದುನರ ಸಲಿಗೆ. ಓಕುಳಿಯ ದಿನ ಭಾವನಿಗೆ ಬಣ್ಣ ಬಳಿಯದೆ ಆ ಮೈದುನ ತುತ್ತು ಎತ್ತುತ್ತಿರಲಿಲ್ಲ. ಆ ವರ್ಷವೂ ಬಂದ. ಗುರುತು ಸಿಗಬಾರದೆಂದು ಮುಖಕ್ಕೆಲ್ಲ ಮಸಿ ಬಳಿದುಕೊಂಡಿದ್ದ. ಹಾಡುಹಗಲಲ್ಲೇ ಹಿಂದಿನಿಂದ ಬಂದು ವರ್ತಕನ ಕಣ್ಣು ಮುಚ್ಚಿದ. ವರ್ತಕ ಕೊಸರಿಕೊಂಡು ತಿರುಗಿದ. ಎದುರಿಗೆ ಒಂದು ಕಪ್ಪು ಮುಖ. ರಿವಾಲ್ವರ್ ತೆಗೆದು ಟ್ರಿಗರ್ ಎಳೆದ. ಗುಂಡು ಹಾರಲಿಲ್ಲ. ‘ಭಾವಾ, ನಾನು ಕಣೋ’ ಎನ್ನುತ್ತ ಮೈದುನ ನಕ್ಕ. ಅಷ್ಟರಲ್ಲಿ ಬೆರಳು ಮತ್ತೊಮ್ಮೆ ಎಳೆದಿತ್ತು. ಇದನ್ನು ಹೇಳಲು ಈಗಲೂ ನನಗೆ ಸಂಕಟವಾಗುತ್ತದೆ.

ಸೆರೆವಾಸ ಮುಗಿಸಿ ಬಂದವನೇ ವರ್ತಕ ತಂಗಿಯ ಮನೆಗೆ ಹೋದ. ಅವಳು ಕದ ತೆಗೆಯಲಿಲ್ಲ. ಒಳಗಿನಿಂದಲೇ ಕೇಳಿದಳು: ‘ಅಣ್ಣಾ, ಮೊದಲನೆಯದನ್ನು ದೇವರು ತಡೆದಿದ್ದ. ಅಷ್ಟಕ್ಕೇ ಬಿಡಬಾರದಾಗಿತ್ತೇ?’ ಅವನು ಹೊಸ್ತಿಲಿಗೆ ಹಣೆ ಮುಟ್ಟಿಸಿ ಹಿಂದಿರುಗಿದ.”

ಶಿಷ್ಯ ಜೇಬಿನಲ್ಲಿದ್ದ ಲೈಸೆನ್ಸನ್ನು ಮುಟ್ಟಿ ನೋಡಿಕೊಂಡ. ಆದರೂ ಅವನ ಮನಸ್ಸು ಒಪ್ಪಲಿಲ್ಲ.

“ಅವನು ಅಷ್ಟು ಹೆದರಿದ್ದನೆಂದರೆ ಯಾರೋ ಶತ್ರುಗಳು ಇದ್ದಿರಲೇಬೇಕು, ಗುರುಗಳೇ. ಯಾರವರು?”

“ಆಗ ಯಾರೂ ಇರಲಿಲ್ಲ, ಈಗ ತಂಗಿಯ ಇಬ್ಬರು ಗಂಡುಮಕ್ಕಳು ಬೆಳೆಯುತ್ತಿದ್ದಾರೆ.”