ಆಂಟೆನಾದ ಮೇಲಿನ ಸರದಿ

ಎಂಟು ಮನೆಗಳ ವಠಾರಕ್ಕೆ ತಾರಸಿಯ ಮೇಲೆ ಇದ್ದದ್ದು ಒಂದೇ ಟಿವಿ ಆಂಟೆನಾ. ಚಿತ್ರ ಹೋದಾಗಲೆಲ್ಲ ಯಾರಾದರೂ ಮೇಲೆ ಹತ್ತಿ ಅದನ್ನು ತಿರುಗಿಸುತ್ತ, "ಬಂತಾ?" ಎಂದು ಕೂಗುತ್ತಿದ್ದರು. "ಬಂತು, ಹಾಗೇ ಇರಲಿ!" ಎಂದು ಕೆಳಗಿನವರು ಕೂಗುತ್ತಿದ್ದರು.

ತನ್ನ ತುದಿಯಲ್ಲಿ ಕೂತು ಬೆಳಗಾಯಿತೆಂದು ಸಾರುವ ಅಪ್ಪಣೆಯನ್ನು ಆಂಟೆನಾ ಕಾಗೆಗೆ ಮಾತ್ರ ಕೊಟ್ಟಿತ್ತು. ಒಂದು ದಿನ ಗೊರವಂಕ ಬಂದು, "ಅಜ್ಜಾ, ನನಗೂ ಅಪ್ಪಣೆ ಕೊಡಿ" ಎಂದಿತು.

"ಕೊಡಲೇಬೇಡಿ!" ಎಂದು ಕಾಗೆ ರೇಗಿತು. "ಕಂಡಕಂಡವರೆಲ್ಲ ಹತ್ತಿದರೆ ನೀವು ವಾಲುತ್ತೀರಿ. ಎಂಟು ಮನೆಯ ಚಿತ್ರವೂ ಹೋಗುತ್ತದೆ."

"ವಾಲುವ ಮಾತು ನಿಜ" ಎಂದಿತು ಆಂಟೆನಾ. "ಅದಕ್ಕೇ ಒಂದು ಸಲಕ್ಕೆ ಒಬ್ಬರೇ ಕೂರಬೇಕು, ಯಾರೂ ನನ್ನನ್ನು ಅಲುಗಿಸಬಾರದು. ನಾಳೆ ಗೊರವಂಕ, ನಾಡಿದ್ದು ನೀನು."

"ಅದರ ಹಾಡು ಕೇಳಿದ ಮೇಲೆ ನನ್ನ ಕೂಗು ಯಾರಿಗೆ ಬೇಕು?"

"ಇಷ್ಟು ವರ್ಷ ಕೂಗಿದೆಯಲ್ಲ, ಯಾರಿಗೆ ಬೇಕು ಎಂದು ನೀನು ಯೋಚಿಸಿದ್ದು ಇವತ್ತೇ ಮೊದಲು. ಗೊರವಂಕ ಇನ್ನೂ ಬಾಯಿ ತೆರೆದಿಲ್ಲ, ಆಗಲೇ ಎಷ್ಟು ಉಪಕಾರವಾಯಿತು ನೋಡು!"

ಮರುದಿನ ಗೊರವಂಕ ಹಾಡಿತು. ಅದರ ಮರುದಿನ ಕಾಗೆ ಆಂಟೆನಾ ಅಲುಗದಂತೆ ಮೆಲ್ಲಗೆ ಬಂದು ಕೂತಿತು. ಗಂಟಲು ಸರಿಮಾಡಿಕೊಂಡು ಒಂದೇ ಸಲ, ಹಿತವಾಗಿ ಕೂಗಿತು. ಆಮೇಲೆ ಕತ್ತು ಬಗ್ಗಿಸಿ, ಅಂಗಳದಲ್ಲಿ ನೀರು ಹಿಡಿಯುತ್ತಿದ್ದ ವಠಾರದ ಪದ್ದಕ್ಕನನ್ನು ಅಳುಕುತ್ತಲೇ ಕೇಳಿತು.

"ಬಂತಾ?"

ಪದ್ದಕ್ಕ ಕೊಡ ಇಳಿಸಿ ತಲೆಯೆತ್ತಿದಳು.

"ಬಂತು, ಹಾಗೇ ಇರಲಿ!"